ಹತ್ತು ಕಾಳಿನ ಲಕೋಟೆ

೨೦೦೯ರ ಮಾರ್ಚ್ ೧೨, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

"ಮುಚ್ಚಳ ಮುಟ್ಟಬೇಡಿ ಸರ್," ಎಂದೆ.

ನಿಘಂಟು ಕಚೇರಿಯ ಪ್ರಧಾನ ಸಂಪಾದಕರು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ದೊಡ್ಡವರು’ ಎಂದು. ಅವರಿಗೆ ‘ಬೇಡ’ ಎಂದು ಯಾರಾದರೂ ಹೇಳಿ ಎಷ್ಟು ವರ್ಷವಾಗಿತ್ತೋ, ಹುಬ್ಬು ಮೇಲೇರಿದ್ದು ಕೆಳಗಿಳಿಯಲಿಲ್ಲ.

"ನನ್ನ ಕಚೇರಿ, ನನ್ನ ಮೇಜು. ನನಗೇ ಮುಟ್ಟಬೇಡಿ ಅಂತೀರಿ."

"ಮೇಜು ಎಷ್ಟು ಬೇಕಾದ್ರೂ ಮುಟ್ಟಿ. ಮುಚ್ಚಳ ಬೇಡ."

ಬಾಗಿಲ ಬಳಿ ನಿಂತಿದ್ದ ಬೀಗದಣ್ಣ ಕೆಮ್ಮಿದರು. ಪದಗಳ ಅರ್ಥ ಬರೆದಿಡುವ ಚೀಟಿಗಳ ಕಪಾಟನ್ನು ಮೂವತ್ತು ವರ್ಷದಿಂದ ಕಾಯುತ್ತಿರುವ ಅವರಿಗೆ ನಗು ಬಂದಾಗಲೆಲ್ಲ ಕೆಮ್ಮು ಬರುತ್ತದೆ.

ಮೇಜಿನ ಮೇಲೆ ಅಂಗೈಯಗಲದ ಮೂರು ಗಾಜಿನ ತಟ್ಟೆಗಳಿದ್ದವು. ಪ್ರತಿಯೊಂದರಲ್ಲೂ ಒದ್ದೆ ಕಾಗದ, ಕಾಗದದ ಮೇಲೆ ಹತ್ತು ಕಾಳು, ಮೇಲೆ ಕರಿಬಟ್ಟೆ ಸುತ್ತಿದ ಮುಚ್ಚಳ. ಮುಚ್ಚಳದ ಅಂಚಿಗೆ ಅಂಟಿಸಿದ ಪಟ್ಟಿಯ ಮೇಲೆ ಬೀಗದಣ್ಣನ ಸಹಿ. ಮಂಗಳವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಮೂರನ್ನೂ ಈ ಕೋಣೆಯ ಕಪಾಟಿನೊಳಗಿಟ್ಟು ಬೀಗ ಹಾಕಿಸಿದ್ದೆ. ಈಗ ಸರಿಯಾಗಿ ನಲವತ್ತೆರಡು ಗಂಟೆ ಆಗಿತ್ತು.

"ತೆಗೆಯೋದಕ್ಕೆ ಮುಂಚೆ ನನಗೆ ಇನ್ನೊಂದು ಸಲ ಹೇಳಿ," ಎಂದರು ವಿಚಾರಣಾ ಸಮಿತಿಯ ಅಧ್ಯಕ್ಷೆ. ಅವರು ನಿವೃತ್ತ ನ್ಯಾಯಾಧೀಶೆ. ಪೆನ್ಸಿಲನ್ನು ಚಾಕುವಿನಲ್ಲಿ ಚೂಪು ಮಾಡಿಕೊಂಡೇ ಮಾತು ಕೇಳುವ ಅಭ್ಯಾಸ. "ಹನ್ನೊಂದಕ್ಕೆ ಸಮಿತಿ ಕೂರುತ್ತೆ. ಆಗ ನಾನು ಸಹಿ ಹಾಕಬೇಕು. ಒಂದೋ ಇವರ ವಜಾ ಪತ್ರಕ್ಕೆ, ಇಲ್ಲಾ..."

‘ಇವರು’ ಎಂದರೆ ನನ್ನ ಅತ್ತಿಗೆ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ಇಪ್ಪತ್ತೇಳು ವರ್ಷ ಇದೇ ಕೋಣೆಯಲ್ಲಿ ಪದಚೀಟಿ ಬರೆದವರಿಗೆ ಇವತ್ತು ಯಾರೂ ಕುರ್ಚಿ ಕೊಟ್ಟಿರಲಿಲ್ಲ. ನನಗೆ ಮೈ ಉರಿಯುತ್ತಿತ್ತು.

"ಹೇಳ್ತೀನಿ ಮೇಡಂ," ಎಂದೆ. "ಜಗಳ ಒಂದು ಪದದ ಬಗ್ಗೆ. ಮಾಷ. ಸಂಸ್ಕೃತದಲ್ಲಿ ಉದ್ದಿನಕಾಳಿಗೆ ಇರೋ ಹೆಸರು. ಆ ಪದ ಎಲ್ಲಿಂದ ಬಂತು, ಅದರ ವ್ಯಾಕರಣ ಏನು ಅಂತ ಅತ್ತಿಗೆ ಹದಿನಾರು ಚೀಟಿ ಬರೆದಿದ್ದಾರೆ. ಅದರ ಮೇಲಿರೋ ತಾರೀಕು ೧೯೯೧ರ ಜೂನ್ ಮೂರು. ಹೋದ ತಿಂಗಳು ಸಂಪುಟದ ಕರಡು ಅಚ್ಚಾಗಿ ಬಂತು. ಅದೇ ಲೇಖನ, ಅದೇ ವಾಕ್ಯ, ಕೆಳಗೆ ದೊಡ್ಡವರ ಹೆಸರು. ಅತ್ತಿಗೆ ಕೇಳಿದ್ರು. ಕೇಳಿದ್ದಕ್ಕೆ ಕಪಾಟು ತೆಗೆಸಿದ್ರು. ನೋಡಿದ್ರೆ ಒಳಗೆ ಎರಡು ಕಟ್ಟು. ದೊಡ್ಡವರ ಕಟ್ಟಿನ ತಾರೀಕು ಮೇ ಹದಿನಾಲ್ಕು. ಇಪ್ಪತ್ತು ದಿನ ಮೊದಲು."

"ಅಂದ್ರೆ ನಿಮ್ಮ ಅತ್ತಿಗೆ ನನ್ನದನ್ನ ನಕಲು ಮಾಡಿದ್ರು," ಎಂದರು ದೊಡ್ಡವರು. "ಲೆಕ್ಕ ಅಷ್ಟು ಕಷ್ಟ ಅಲ್ಲ."

"ಅಥವಾ ತಾವು ಹೋದ ವಾರ ಕೂತು ಹದಿನೆಂಟು ವರ್ಷದ ಹಿಂದಿನ ತಾರೀಕು ಹಾಕಿದ್ರಿ. ಅದೂ ಕಷ್ಟ ಅಲ್ಲ."

"ನಾಲಿಗೆ!" ಎಂದರು ಅವರು.

"ಇದೆ ಸರ್."

ಅಧ್ಯಕ್ಷೆ ಪೆನ್ಸಿಲ್ ಮೇಜಿಗೆ ಕುಟ್ಟಿದರು.

ಬರವಣಿಗೆ, ಶಾಯಿ, ರಟ್ಟು ಯಾವುದೂ ಸಹಾಯಕ್ಕೆ ಬಂದಿರಲಿಲ್ಲ. ಬರವಣಿಗೆ ಅವರವರದೇ. ಎರಡು ಕಟ್ಟಿನ ಚೀಟಿಗಳೂ ಒಂದೇ ಹಳೆಯ ರಟ್ಟಿನವು. ಆ ರಟ್ಟಿನ ಖಾಲಿ ಹಾಳೆಗಳು ಕಪಾಟಿನ ಕೆಳಗಿನ ಅರೆಯಲ್ಲಿ ಇನ್ನೂ ಒಂದು ಮೊಳ ಎತ್ತರ ಬಿದ್ದಿವೆ. ಶಾಯಿ ಕಚೇರಿಯಲ್ಲೇ ಪುಡಿ ಕಲಸಿ ಮಾಡುವಂಥದ್ದು. ಪುಡಿಯ ಡಬ್ಬ ನನ್ನ ವಯಸ್ಸಿನದು.

ಉಳಿದದ್ದು ಕಾಳು ಮಾತ್ರ.

ಆ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ಧಾನ್ಯದ ಹೆಸರು ಬಂದರೆ ಅರ್ಥ, ಲಿಂಗ, ವಿಭಕ್ತಿ, ಮೂಲ ಎಲ್ಲ ಬರೆದ ಚೀಟಿಯ ಜೊತೆ, ಆ ಕಾಳನ್ನೇ ಹತ್ತು ಎಣಿಸಿ ಪುಟ್ಟ ಲಕೋಟೆಗೆ ಹಾಕಿ ಪಿನ್ ಚುಚ್ಚಿಡಬೇಕು. ಕಚೇರಿ ಕಟ್ಟಿದ ಹಿರಿಯರು ಮಾಡಿದ ನಿಯಮ. ಕುರ್ಚಿ ಬಿಟ್ಟೇಳದ ಪಂಡಿತರೊಬ್ಬರು ಉದ್ದಿಗೂ ಅಲಸಂದೆಗೂ ವ್ಯತ್ಯಾಸ ತಿಳಿಯದೆ ಒಂದಕ್ಕೆ ಇನ್ನೊಂದರ ಅರ್ಥ ಬರೆದು ನಗೆಪಾಟಲಾದ ಮೇಲೆ ಬಂದದ್ದಂತೆ. ಲಕೋಟೆ ಇಲ್ಲದ ಚೀಟಿಯನ್ನು ಬೀಗದಣ್ಣ ಕಪಾಟಿಗೆ ಸೇರಿಸುವುದೇ ಇಲ್ಲ.

ಅಂದರೆ, ಹಳೆಯ ತಾರೀಕು ಹಾಕಿ ಹೊಸ ಚೀಟಿ ಬರೆದವನಿಗೂ ಹತ್ತು ಕಾಳು ಬೇಕು. ಹಳೆಯ ರಟ್ಟು ಸಿಕ್ಕೀತು, ಹಳೆಯ ಶಾಯಿ ಸಿಕ್ಕೀತು. ಹದಿನೆಂಟು ವರ್ಷದ ಕಾಳು ಎಲ್ಲಿ ಸಿಕ್ಕೀತು? ಮೂಲೆಯಂಗಡಿಯಿಂದ ತರುತ್ತಾನೆ. ಮೂಲೆಯಂಗಡಿಯ ಕಾಳಿನಲ್ಲಿ ಜೀವ ಇರುತ್ತದೆ.

ನಾನು ಬೀಜ ಪರೀಕ್ಷಾಲಯದಲ್ಲಿ ಕೆಲಸ ಮಾಡುವವಳು. ಬೀಜ ಬದುಕಿದೆಯೋ ಸತ್ತಿದೆಯೋ ಎಂದು ಹೇಳುವುದೇ ನನ್ನ ಅನ್ನ. ಮರದ ಕಪಾಟಿನಲ್ಲಿ, ಕಾಗದದ ಲಕೋಟೆಯಲ್ಲಿ, ಬೇಸಿಗೆ ಮಳೆಗಾಲ ಎಲ್ಲ ತಿಂದುಕೊಂಡು ಹದಿನೆಂಟು ವರ್ಷ ಕೂತ ಉದ್ದು ಮೊಳೆಯುವುದಿಲ್ಲ. ಮೊಳೆತ ಕಾಳು ಅಷ್ಟು ಹಳೆಯದಲ್ಲ. ಇಷ್ಟೇ ನನ್ನ ವಾದ.

ಮಂಗಳವಾರ ಇದನ್ನು ಹೇಳಿದಾಗ ಅಧ್ಯಕ್ಷೆ ಒಪ್ಪಿದರು. ದೊಡ್ಡವರೂ ಭುಜ ಕುಣಿಸಿ ಒಪ್ಪಿದರು. ಬೇಡ ಎಂದವರು ಅತ್ತಿಗೆ ಒಬ್ಬರೇ.

"ಕಾಳು ಬೇಡ ಕಣೇ ಪುಟ್ಟಿ," ಎಂದಿದ್ದರು ಮೆಟ್ಟಿಲಿಳಿಯುವಾಗ. "ಪದ ಮಾತಾಡಲಿ. ಕಾಳನ್ನ ಬಿಟ್ಬಿಡು."

ನನಗೆ ನಲವತ್ತು ವರ್ಷವಾದರೂ ಅವರಿಗೆ ನಾನು ಪುಟ್ಟಿ. ಅಣ್ಣನನ್ನು ಮದುವೆಯಾಗಿ ಅವರು ಮನೆಗೆ ಬಂದಾಗ ನನಗೆ ಹನ್ನೊಂದು. ನನ್ನ ಪ್ರಯೋಗದ ಪುಸ್ತಕಗಳನ್ನು ಅಡುಗೆಮನೆಯ ಕಟ್ಟೆ ಮೇಲಿಟ್ಟು ತಿದ್ದುತ್ತಿದ್ದವರು ಅವರು. ವಿಜ್ಞಾನ ಓದಿದವರಲ್ಲ. ಆದರೆ ಒಂದೇ ಮಾತು ಸಾವಿರ ಸಲ ಹೇಳಿದ್ದರು: "ಕಂಡದ್ದನ್ನ ಬರಿ. ಬೇಕಾದದ್ದನ್ನ ಬರೀಬೇಡ." ಅಂಥವರು ಹೆದರಿ ಬೇಡ ಎನ್ನುತ್ತಿದ್ದಾರೆ, ಪಾಪ, ಅಂದುಕೊಂಡೆ.

"ಸರಿ," ಎಂದರು ಅಧ್ಯಕ್ಷೆ. "ಕಾಳು ಆಮೇಲೆ. ಇಬ್ಬರೂ ಬರೆದದ್ದು ಒಂದೇ ತಾನೇ? ಮೊದಲು ಇಬ್ಬರ ಬಾಯಲ್ಲೂ ಕೇಳ್ತೀನಿ. ಕಾಗದ ನೋಡದೆ. ಮಾಷ ಅನ್ನೋ ಪದ ಎಲ್ಲಿಂದ ಬಂತು? ತಾವು ಮೊದಲು."

ದೊಡ್ಡವರು ಗಂಟಲು ಸರಿಮಾಡಿಕೊಂಡರು.

"ಮಾಷ. ಅಕಾರಾಂತ, ಪುಲ್ಲಿಂಗ. ಮಾಷಃ, ಮಾಷೌ, ಮಾಷಾಃ. ಬಹಳ ಪ್ರಾಚೀನ ಪದ. ಹಳಬರು ‘ಮಷ್’ ಎಂಬ ಧಾತುವಿನಿಂದ ಸಾಧಿಸುತ್ತಾರೆ, ಹಿಂಸಿಸು ಎಂಬ ಅರ್ಥ. ಅದು ಸಮಾಧಾನಕರವಲ್ಲ. ಆದ್ದರಿಂದ ಮೂಲ ತಿಳಿಯದು ಎಂದು ಧೈರ್ಯವಾಗಿ ಹೇಳಬೇಕಾಗುತ್ತದೆ. ಇದು ನನ್ನ ನಿಲುವು."

"ಸಮಾಧಾನಕರ ಯಾಕಲ್ಲ?"

"ಅಂದ್ರೆ?"

"ಹಳಬರು ಒಪ್ಪಿದ್ದಾರೆ. ತಾವು ಯಾಕೆ ಒಪ್ಪಲ್ಲ?"

ದೊಡ್ಡವರು ಕಿಟಕಿಯ ಕಡೆ ನೋಡಿದರು. "ಅದು... ವಿದ್ವತ್ತಿನ ವಿಷಯ. ಎರಡು ಮಾತಲ್ಲಿ ಹೇಳೋಕಾಗಲ್ಲ."

"ಮೂರು ಮಾತಲ್ಲಿ ಹೇಳಿ," ಎಂದೆ.

"ಪುಟ್ಟಿ," ಎಂದರು ಅತ್ತಿಗೆ, ಗದರಿಸುವ ಧ್ವನಿಯಲ್ಲಿ.

"ನೀವು ಹೇಳಿಮ್ಮ," ಎಂದು ಅಧ್ಯಕ್ಷೆ ಅವರತ್ತ ತಿರುಗಿದರು.

ಅತ್ತಿಗೆ ಕೈಚೀಲವನ್ನು ನೆಲದ ಮೇಲಿಟ್ಟು ಎದ್ದು ನಿಂತರು.

"ಉದ್ದಿನಕಾಳು ಯಾರಿಗೆ ಹಿಂಸೆ ಮಾಡ್ತು ಮೇಡಂ? ಕಾಳಿಗೆ ನಾವು ಮಾಡ್ತೀವಿ. ಕುಟ್ಟಿ, ಬೀಸಿ, ಉಜ್ಜಿ. ಹಾಗಂತ ಎಳೆದು ಅರ್ಥ ಕೂಡಿಸಬಹುದು. ಆದ್ರೆ ಕುಟ್ಟದೆ ಬೀಸದೆ ತಿನ್ನೋ ಕಾಳು ಯಾವುದಿದೆ? ಭತ್ತ ಕುಟ್ಟಲ್ವಾ? ಎಲ್ಲಕ್ಕೂ ಹೊಂದೋ ಅರ್ಥ ಯಾವುದಕ್ಕೂ ಸಾಕ್ಷಿ ಆಗಲ್ಲ. ಪದ ಮೊದಲು ಬಂದುಬಿಟ್ಟಿತ್ತು, ಧಾತುವನ್ನ ಆಮೇಲೆ ಹುಡುಕಿ ತಂದು ಪಕ್ಕದಲ್ಲಿ ಕೂರಿಸಿದ್ರು. ಮಗು ಸಿಕ್ಕಿದ ಮೇಲೆ ಅಪ್ಪನ್ನ ಹುಡುಕಿದ ಹಾಗೆ."

ಬೀಗದಣ್ಣ ಕೆಮ್ಮಿದರು.

"ಇನ್ನೊಂದು. ಪಡುವಣದ ದೇಶಗಳ ಭಾಷೆಯಲ್ಲೂ ಹೆಚ್ಚುಕಮ್ಮಿ ಇದೇ ಪದ ಇದೆ, ಇಂಥದೇ ಪುಟ್ಟ ಕಾಳಿಗೆ. ಹಾಗಾದ್ರೆ ಇಬ್ಬರಿಗೂ ಒಂದೇ ಅಜ್ಜಿಮನೆಯಿಂದ ಬಂದಿರಬೇಕು. ಇಲ್ಲಾಂದ್ರೆ ಇಬ್ಬರೂ ಮೂರನೆಯವರಿಂದ ಕಲಿತಿರಬೇಕು, ಬರವಣಿಗೆ ಇಲ್ಲದ, ಬೇಸಾಯ ಗೊತ್ತಿದ್ದ ಯಾರೋ ಜನರಿಂದ. ಬೀಜ ಕೊಟ್ಟವರು ಹೆಸರನ್ನೂ ಕೊಡ್ತಾರಲ್ವಾ? ಎರಡರಲ್ಲಿ ಯಾವುದು ಅಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ. ಅದಕ್ಕೆ ‘ತಿಳಿಯದು’ ಅಂತ ಬರೆದೆ."

"ವ್ಯಾಕರಣ?"

ಅತ್ತಿಗೆಯ ಮುಖ ಅರಳಿತು. ಆ ಒಂದು ಗಳಿಗೆ ವಜಾ ಪತ್ರ ಮರೆತೇಹೋಗಿತ್ತು.

"ಉದ್ದು ಬೆಳೆಯೋ ಹೊಲಕ್ಕೆ ಎರಡು ಹೆಸರು ಮೇಡಂ. ಮಾಷ್ಯ ಅಂತಾನೂ ಅನ್ನಬಹುದು, ಮಾಷೀಣ ಅಂತಾನೂ ಅನ್ನಬಹುದು. ಹಳೆಯ ವ್ಯಾಕರಣದಲ್ಲಿ ಹಾಗೆ ಎರಡೂ ಸರಿ ಅನ್ನೋ ಅನುಮತಿ ಎಲ್ಲ ಬೆಳೆಗೂ ಇಲ್ಲ. ಎಳ್ಳು, ಉದ್ದು, ಅಗಸೆ, ಹೀಗೆ ನಾಲ್ಕೈದಕ್ಕೆ ಮಾತ್ರ. ಯಾಕೆ? ಒಂದು ಕಡೆಯ ರೈತ ಹಾಗಂದ, ಇನ್ನೊಂದು ಕಡೆಯವನು ಹೀಗಂದ. ನಿಯಮ ಬರೆದವನು ಇಬ್ಬರನ್ನೂ ತಪ್ಪು ಅನ್ನಲಿಲ್ಲ. ಹೊಲದ ಬದುವಿನ ಮೇಲೆ ನಿಂತು ಕೇಳಿಸಿಕೊಂಡು ಬರೆದುಕೊಂಡ. ನನಗೆ ಹಾಗನ್ನಿಸುತ್ತೆ. ಇದಕ್ಕೆ ಆಧಾರ ಇಲ್ಲ, ಅದಕ್ಕೇ ಇದನ್ನ ಚೀಟಿಯಲ್ಲಿ ಬರೆದಿಲ್ಲ."

ಅಧ್ಯಕ್ಷೆಯ ಚಾಕು ಪೆನ್ಸಿಲಿನ ಮೇಲೆ ನಿಂತಿತ್ತು.

ಇವರನ್ನು ದೊಡ್ಡವರು ಸಮಿತಿಗೆ ಬರೆದ ಪತ್ರದಲ್ಲಿ ‘ಸಂಜೆ ತರಗತಿಯಲ್ಲಿ ನಾಲ್ಕಕ್ಷರ ಕಲಿತ ಸಹಾಯಕಿ’ ಎಂದು ಕರೆದಿದ್ದರು. ಇಪ್ಪತ್ತೇಳು ವರ್ಷದಲ್ಲಿ ಇವರ ಹೆಸರು ಯಾವ ಸಂಪುಟದ ಯಾವ ಪುಟದಲ್ಲೂ ಬಂದಿಲ್ಲ. ಬರಬೇಕು ಎಂದು ಇವರೂ ಕೇಳಿರಲಿಲ್ಲ. ಇವರು ಒಬ್ಬರೇ ಕೂತು, ಯಾರೂ ಬರೆಯಲು ಒಪ್ಪದ ‘ತಿಳಿಯದು’ ಎಂಬ ಪದವನ್ನು ಬರೆದರು. ಅದನ್ನೂ ಕದಿಯಬಹುದು ಎಂದು ನನಗೆ ಗೊತ್ತಿರಲಿಲ್ಲ. ತಿಳಿದದ್ದನ್ನು ಕದಿಯುವ ಕಳ್ಳರುಂಟು. ತಿಳಿಯದು ಎನ್ನುವ ಪ್ರಾಮಾಣಿಕತೆಯನ್ನೇ ಕದ್ದು, ಅದಕ್ಕೆ ‘ನನ್ನ ಧೈರ್ಯ’ ಎಂದು ಹೆಸರಿಟ್ಟವರನ್ನು ನಾನು ಮೊದಲ ಸಲ ನೋಡುತ್ತಿದ್ದೆ.

"ಚೆನ್ನಾಗಿ ಬಾಯಿಪಾಠ ಮಾಡಿದ್ದಾರೆ," ಎಂದರು ದೊಡ್ಡವರು. "ನನ್ನ ಚೀಟಿಯನ್ನೇ."

"ಬದುವಿನ ಮಾತು ನಿಮ್ಮ ಯಾವ ಚೀಟಿಯಲ್ಲಿದೆ ಸರ್?" ಎಂದೆ.

"ಮೇಡಂ, ಈಕೆಯನ್ನ ಆಚೆ ಕಳಿಸಿ."

"ತಟ್ಟೆ ತೆಗೀರಿ," ಎಂದರು ಅಧ್ಯಕ್ಷೆ ನನಗೆ.

ಮೊದಲು ಹಸಿರು ಕಾಳಿನ ತಟ್ಟೆ. ಅದು ಹೆಸರುಕಾಳು. ಅದೇ ಕಪಾಟಿನಲ್ಲಿ, ಅದೇ ೧೯೯೧ರಿಂದ ಇದ್ದ, ಯಾರೂ ತಕರಾರು ಮಾಡದ ಲಕೋಟೆಯದು. ಹೋಲಿಸಿ ನೋಡಲು ಇಟ್ಟದ್ದು. ಪಟ್ಟಿ ಕತ್ತರಿಸಿ ಮುಚ್ಚಳ ಎತ್ತಿದೆ. ಕಾಳುಗಳು ನೀರು ಕುಡಿದು ಊದಿ, ಸಿಪ್ಪೆ ಬಿರಿದು, ಲೋಳೆಯಾಗಿದ್ದವು. ಹುಳಿ ವಾಸನೆ. ಹತ್ತರಲ್ಲಿ ಒಂದೂ ಮೊಳೆತಿರಲಿಲ್ಲ.

"ಹದಿನೆಂಟು ವರ್ಷದ ಕಾಳು ಹೀಗಿರುತ್ತೆ," ಎಂದೆ. ಪುಸ್ತಕದಲ್ಲಿ ಸೊನ್ನೆ ಬರೆದೆ.

ಉಳಿದವು ಎರಡು ಕಪ್ಪು ಕಾಳಿನ ತಟ್ಟೆಗಳು. ಮೇಲೆ ‘ಕ’, ‘ಖ’ ಎಂದಷ್ಟೇ ಬರೆದಿತ್ತು. ಯಾವುದು ಯಾರ ಲಕೋಟೆಯದು ಎಂದು ನನಗೂ ತಿಳಿಯಬಾರದೆಂದು ಮಂಗಳವಾರ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಬೀಗದಣ್ಣ ಅಧ್ಯಕ್ಷೆಯ ಎದುರಲ್ಲೇ ಕಾಳು ಸುರಿದು, ತಟ್ಟೆಯ ಅಡಿಗೆ ಹೆಸರಿನ ಚೀಟಿ ಅಂಟಿಸಿದ್ದರು. ಪ್ರಯೋಗ ಮಾಡುವವಳಿಗೆ ಯಾವ ಕಡೆ ಪ್ರೀತಿ ಎಂಬುದು ಕಾಳಿಗೆ ಗೊತ್ತಾಗಬಾರದು.

‘ಕ’ ತೆಗೆದೆ. ಹತ್ತು ಕಾಳು. ಊದಿದ್ದವು, ಬಿರಿದಿದ್ದವು. ಮೊಳಕೆ ಸೊನ್ನೆ.

‘ಖ’ದ ಪಟ್ಟಿ ಕತ್ತರಿಸಿ ಮುಚ್ಚಳ ಎತ್ತಿದೆ. ವಾಸನೆಯೇ ಬೇರೆ, ಹಸಿ ಮಣ್ಣಿನದು.

ಕಪ್ಪು ಸಿಪ್ಪೆಯನ್ನು ಸೀಳಿಕೊಂಡು ಬಿಳಿಯ ಬೇರುಗಳು ಹೊರಬಂದಿದ್ದವು. ಎಣಿಸಿದೆ. ಹತ್ತರಲ್ಲಿ ಒಂಬತ್ತು.

"ನೋಡಿ!" ಎಂದೆ. ಧ್ವನಿ ನನಗೇ ಜೋರೆನಿಸಿತು. "ನೋಡಿ ಮೇಡಂ. ಇದು ಸತ್ತ ಕಾಳಾ? ಇದು ಹೋದ ವರ್ಷದ ಬೆಳೆ. ಇದನ್ನ ತಂದವರು ಹದಿನೆಂಟು ವರ್ಷದ ಹಿಂದಿನ ಲಕೋಟೆ ಅಂತ ಕಪಾಟಿನಲ್ಲಿಟ್ಟಿದ್ದಾರೆ. ಒಬ್ಬ ಹೆಂಗಸು ಕಣ್ಣು ಸವೆಸಿ ಬರೆದದ್ದನ್ನ ಕಿತ್ಕೊಂಡು, ಮೇಲೆ ಅವರನ್ನೇ ಕಳ್ಳಿ ಅಂತೀರಾ? ನಿಮಗೆ ನಾಚಿಕೆ ಅನ್ನೋದು..."

"ಅಡಿ ಚೀಟಿ ಓದ್ಲಿ," ಎಂದರು ದೊಡ್ಡವರು. ಅಷ್ಟೇ.

ಬೀಗದಣ್ಣ ಬಂದು ‘ಖ’ ತಟ್ಟೆಯನ್ನು ತಲೆಯ ಮೇಲೆತ್ತಿ, ಕತ್ತು ಹೊರಳಿಸಿ, ಅಡಿ ನೋಡಿದರು. ಓದಿದರು. ತಟ್ಟೆಯನ್ನು ಮೆಲ್ಲನೆ ಕೆಳಗಿಟ್ಟರು. ಈ ಸಲ ಕೆಮ್ಮಲಿಲ್ಲ.

"ಜೋರಾಗಿ ಹೇಳಿ," ಎಂದರು ಅಧ್ಯಕ್ಷೆ.

"ಚೀಟಿಯಮ್ಮಂದು ಮೇಡಂ."

ಅತ್ತಿಗೆಯನ್ನು ಕಚೇರಿಯಲ್ಲಿ ಕರೆಯುವ ಹೆಸರು ಅದು. ಆದರೂ ನನಗೆ ಅರ್ಥವಾಗಲು ಎರಡು ಉಸಿರು ಹಿಡಿಯಿತು.

"ಇನ್ನೊಂದು?"

"‘ಕ’ ದೊಡ್ಡವರದು."

ದೊಡ್ಡವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

"ಅದಲು ಬದಲು ಮಾಡಿದ್ದಾರೆ!" ಎಂದೆ. "ಕಪಾಟು ತೆಗೆಸಿದ ದಿನದಿಂದ ಮಂಗಳವಾರದವರೆಗೆ ಅಷ್ಟೂ ದಿನ ಲಕೋಟೆಗಳು ಇಲ್ಲೇ ಇದ್ವು. ಅತ್ತಿಗೆಯ ಹಳೆ ಕಾಳನ್ನ ತಮ್ಮ ಲಕೋಟೆಗೆ ಹಾಕ್ಕೊಂಡು..."

"ಇರಬಹುದು," ಎಂದರು ದೊಡ್ಡವರು ಶಾಂತವಾಗಿ. ಅವರು ಅತ್ತಿಗೆಯ ಖಾಲಿ ಲಕೋಟೆಯನ್ನು ಬೆಳಕಿಗೆ ಹಿಡಿದರು. ಅದರ ಮೂಲೆಯಲ್ಲಿ ಅತ್ತಿಗೆಯ ಪೆನ್ಸಿಲ್ ಬರಹ ಇತ್ತು. ಮಾಷ ಎಂದರೆ ಒಂದು ಹಳೆಯ ತೂಕದ ಹೆಸರೂ ಹೌದು. ಆ ತೂಕ ಹೆಚ್ಚುಕಡಿಮೆ ಒಂದು ಗ್ರಾಮಿನಷ್ಟು, ಕಾಳು ಅಷ್ಟು ತೂಗುವುದೇ ಇಲ್ಲ ಎಂದು ಅನುಮಾನ ಬಂದು ಅವರು ಹತ್ತು ಕಾಳನ್ನೂ ಔಷಧದಂಗಡಿಯ ತಕ್ಕಡಿಯಲ್ಲಿ ತೂಗಿಸಿ ಬರೆದಿದ್ದರು. "ಇಲ್ಲಿ ತೂಕ ಇದೆ. ಹತ್ತು ಕಾಳು, ನಾಲ್ಕುನೂರ ಹನ್ನೆರಡು ಮಿಲಿಗ್ರಾಂ. ಬದಲಾಗಿದ್ರೆ ತೂಕ ಹೇಳ್ತಿತ್ತು. ನೆನೆಸೋಕೆ ಮುಂಚೆ ತಾವು ತೂಗಿರ್ತೀರಲ್ಲ? ತಾವು ವಿಜ್ಞಾನ ಓದಿದವರು."

ನಾನು ತೂಗಿರಲಿಲ್ಲ.

ದಿನಕ್ಕೆ ನೂರು ಸಲ ತಕ್ಕಡಿ ಮುಟ್ಟುವ ಕೈ. ಪರೀಕ್ಷಾಲಯಕ್ಕೆ ಬಂದ ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಅದು: ಮೊದಲು ತೂಕ, ಆಮೇಲೆ ನೀರು. ಮಂಗಳವಾರ ನನ್ನೊಳಗೆ ಸಿಟ್ಟು ತೂಗುತ್ತಿತ್ತು, ಕಾಳು ತೂಗಲಿಲ್ಲ. ಈಗ ಇಪ್ಪತ್ತು ಕಾಳೂ ನೀರು ಕುಡಿದು ಕೂತಿದ್ದವು.

"ಮೇಡಂ, ಹನ್ನೊಂದಕ್ಕೆ ಇನ್ನು ಹತ್ತು ನಿಮಿಷ," ಎಂದು ದೊಡ್ಡವರು ಗಡಿಯಾರ ನೋಡಿದರು.

ನಾನು ಅತ್ತಿಗೆಯ ಕಡೆ ತಿರುಗಿದೆ. ಅವರು ಕಿರುಚಲಿ, ಅಳಲಿ, ಇದು ಸುಳ್ಳು ಎನ್ನಲಿ ಎಂದು ಕಾದೆ. ಅವರು ಸ್ಟೂಲು ಬಿಟ್ಟು ಮೇಜಿನ ಹತ್ತಿರ ಬಂದಿದ್ದರು. ‘ಖ’ ತಟ್ಟೆಯ ಮೇಲೆ ಬಾಗಿ ಆ ಬಿಳಿಯ ಬೇರುಗಳನ್ನು ನೋಡುತ್ತಿದ್ದರು. ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಚೂರೂ ಇರಲಿಲ್ಲ.

ಮೆಟ್ಟಿಲ ಮೇಲೆ ಅವರು ಹೇಳಿದ್ದು ನೆನಪಾಯಿತು. ಕಾಳನ್ನ ಬಿಟ್ಬಿಡು.

"ಅತ್ತಿಗೆ," ಎಂದೆ. "ನಿಮಗೆ ಮೊದಲೇ ಗೊತ್ತಿತ್ತಾ?"

ಅವರು ನನ್ನ ಕೈಯಿಂದ ಜಾರುತ್ತಿದ್ದ ಪುಸ್ತಕವನ್ನು ಹಿಡಿದು, ಸರಿಯಾದ ಪುಟ ತೆಗೆದು, ಮೇಜಿನ ಮೇಲೆ ನನ್ನ ಮುಂದಿಟ್ಟರು. ಉಕ್ಕಿನ ಅಳತೆಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಅಡುಗೆಮನೆಯ ಕಟ್ಟೆ ಮೇಲೆ ಸರಿಸುತ್ತಿದ್ದ ಹಾಗೆಯೇ.

"ಮೊದಲು ಅಳತೆ ತಗೋ," ಎಂದರು. "ಕಂಡದ್ದನ್ನ ಬರಿ."

"ಉತ್ತರ ಹೇಳಿ ಅತ್ತಿಗೆ."

"ಬರಿ ಪುಟ್ಟಿ."

ಕಾಳಿಗೆ ಹುಳ ಹಿಡಿದಾಗ ಅವರೇ ಬದಲಿಸಿದ್ದರೋ, ದೊಡ್ಡವರು ಬದಲಿಸಿದ್ದನ್ನು ಊಹಿಸಿದ್ದರೋ, ಚೀಟಿಯನ್ನೇ ಆಮೇಲೆ ಬರೆದಿದ್ದರೋ, ನನಗೆ ತಿಳಿಯದು. ನಾಲ್ಕು ಜನ ನೋಡುತ್ತಿದ್ದರು. ಎಲ್ಲಕ್ಕಿಂತ ಉದ್ದದ ಮೊಳಕೆಯನ್ನು ಚಿಮಟದಲ್ಲಿ ಎತ್ತಿ ಪಟ್ಟಿಯ ಮೇಲೆ ಮಲಗಿಸಿದೆ. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. ಬರೆದೆ.

ಹದಿನಾಲ್ಕು ಮಿಲಿಮೀಟರ್.